ಪಥ್ಯದ ನೋಟ್‌ಬುಕ್

ಆಹಾರತಜ್ಞೆಯನ್ನು ಕಾಣಲು ಹೋದ ದಿನ ನನ್ನ ಕೈಯಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇತ್ತು. ಎಡಪುಟದಲ್ಲಿ ಆ ದಿನ ತಿಂದದ್ದು, ಬಲಪುಟದಲ್ಲಿ ಮಂಡಿನೋವಿಗೆ ಸೊನ್ನೆಯಿಂದ ಹತ್ತರವರೆಗೆ ನಾನೇ ಹಾಕಿಕೊಂಡ ಅಂಕ. ಹೀಗೆ ಆರು ವಾರ ಒಂದು ದಿನವೂ ತಪ್ಪಿಸದೆ ಬರೆದಿದ್ದೆ. ನನ್ನ ಮಂಡಿಯನ್ನು ನೋಯಿಸುತ್ತಿರುವ ಪದಾರ್ಥ ಯಾವುದೆಂದು ಅವರು ಪುಟ ತಿರುವಿದ ಕೂಡಲೇ ಬೆರಳಿಟ್ಟು ತೋರಿಸುತ್ತಾರೆ, ಅದನ್ನು ನಾನು ಬಿಟ್ಟರೆ ನೋವು ನನ್ನನ್ನು ಬಿಡುತ್ತದೆ ಎಂದು ದೃಢವಾಗಿ ನಂಬಿದ್ದೆ.

ಅದಕ್ಕೆ ಮೂರು ತಿಂಗಳ ಮೊದಲು ಎಕ್ಸ್‌ರೇ ನೋಡಿದ ಮೂಳೆ ವೈದ್ಯರು ಬಲಮಂಡಿಯಲ್ಲಿ ಆಸ್ಟಿಯೋಆರ್ಥ್ರೈಟಿಸ್, ಅಂದರೆ ಕೀಲಿನ ಸವೆತ, ಇದೆ, ಎರಡನೆಯ ದರ್ಜೆಯದು ಎಂದಿದ್ದರು. ‘ಸವೆತ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸವೆದದ್ದನ್ನು ತುಂಬಿಕೊಡುವ ಆಹಾರದ ಹುಡುಕಾಟಕ್ಕೆ ಇಳಿದೆ. ಸಿಕ್ಕಿದ್ದು ಮಾತ್ರ ಬಿಡಬೇಕಾದವುಗಳ ಪಟ್ಟಿ. ಟೊಮೇಟೊ, ಬದನೆ, ಆಲೂಗಡ್ಡೆ ಒಂದೇ ಸಸ್ಯಕುಟುಂಬಕ್ಕೆ ಸೇರಿದವು, ಕೀಲುಗಳಿಗೆ ಆಗುವುದಿಲ್ಲ ಎಂದು ಒಬ್ಬರು ಹೇಳಿದರೆ, ಯೂರಿಕ್ ಆಮ್ಲ ಏರುತ್ತದೆ, ಕಾಳು ಮತ್ತು ಮಾಂಸ ಬೇಡ ಎಂದು ಇನ್ನೊಬ್ಬರು, ಹಾಲನ್ನೇ ನಿಲ್ಲಿಸಿ ಎಂದು ಮತ್ತೊಬ್ಬರು. ನಾನು ಮೂವರ ಮಾತನ್ನೂ ಪಾಲಿಸಿದೆ. ಕೊನೆಗೆ ತಟ್ಟೆಯಲ್ಲಿ ಅನ್ನ ಮತ್ತು ಎರಡು ಬಗೆಯ ತರಕಾರಿ ಮಾತ್ರ ಉಳಿದವು. ಕಾಲಿಗೆ ವಿಶ್ರಾಂತಿ ಬೇಕೆಂದುಕೊಂಡು ಬೆಳಗಿನ ನಡಿಗೆಯನ್ನೂ ಬಿಟ್ಟಿದ್ದೆ.

ಆಹಾರತಜ್ಞೆ ನೋಟ್‌ಬುಕ್ ಮುಟ್ಟುವ ಮೊದಲು ನನ್ನ ತೂಕ ನೋಡಿದರು. ಮೂರು ತಿಂಗಳಲ್ಲಿ ಮೂರು ಕಿಲೋ ಏರಿತ್ತು. ಅಷ್ಟು ಕಟ್ಟುನಿಟ್ಟಿನ ಪಥ್ಯದ ನಡುವೆ ತೂಕ ಹೇಗೆ ಏರಿತೆಂದು ನಾನು ತಕ್ಕಡಿಯನ್ನೇ ಅನುಮಾನಿಸಿದೆ. ಆಮೇಲೆ ಕೈ ಊರದೆ ಕುರ್ಚಿಯಿಂದ ಎದ್ದು ಕುಳಿತುಕೊಳ್ಳಲು ಹೇಳಿದರು; ಅರ್ಧ ನಿಮಿಷದಲ್ಲಿ ಆರು ಸಲ ಎದ್ದೆ, ಏಳನೆಯ ಸಲಕ್ಕೆ ತೊಡೆ ನಡುಗಿತು. ಅವರು ನೋಟ್‌ಬುಕ್ ತೆರೆದು ನಿಧಾನವಾಗಿ ಓದಿ, “ಏನು ತಿಂದಿರಿ ಎಂದು ಬರೆದಿದ್ದೀರಿ, ಎಷ್ಟು ತಿಂದಿರಿ ಎಂದು ಎಲ್ಲಿಯೂ ಬರೆದಿಲ್ಲವಲ್ಲ” ಎಂದರು. ಸಂಜೆಯ ಬಿಸ್ಕತ್ತುಗಳೂ ಅದರಲ್ಲಿರಲಿಲ್ಲ; ಅವು ಊಟದ ಲೆಕ್ಕಕ್ಕೆ ಸೇರುತ್ತವೆಂದು ನನಗೆ ಹೊಳೆದಿರಲೇ ಇಲ್ಲ.

ಟೊಮೇಟೊ ಬಿಟ್ಟು ಆರು ವಾರವಾದರೂ ಬಲಪುಟದ ಅಂಕಗಳು ಹೆಚ್ಚಿನ ದಿನ ನಾಲ್ಕು ಐದರಿಂದ ಕದಲಿರಲಿಲ್ಲ ಎಂಬುದನ್ನು ಅವರು ತೋರಿಸಿದಾಗ ನಾಚಿಕೆಯಾಯಿತು. ಏಳು, ಎಂಟು ಬಿದ್ದ ದಿನಗಳ ಹಿಂದಿನ ದಿನದ ಅಂಚಿನಲ್ಲಿ ನಾನೇ ಸಣ್ಣ ಅಕ್ಷರದಲ್ಲಿ ‘ದಿನವಿಡೀ ಸಭೆ’, ‘ದೂರದ ಪ್ರಯಾಣ’ ಎಂದು ಗುರುತು ಹಾಕಿದ್ದೆ. ಟೊಮೇಟೊ, ಬದನೆಗಳು ಈ ಕೀಲುನೋವನ್ನು ಹೆಚ್ಚಿಸುತ್ತವೆ ಎನ್ನಲು ಗಟ್ಟಿಯಾದ ಪುರಾವೆಯಿಲ್ಲ ಎಂದರು. ಯೂರಿಕ್ ಆಮ್ಲದ ಹರಳುಗಳು ಕೀಲಿನಲ್ಲಿ ಕೂತು ಬರುವ ಗೌಟ್ ಬೇರೆಯದೇ ಕಾಯಿಲೆ. ನನ್ನ ರಕ್ತಪರೀಕ್ಷೆಯಲ್ಲಿ ಆ ಆಮ್ಲ ಸರಿಯಾಗಿಯೇ ಇತ್ತು. ಬೇರೊಬ್ಬರ ಕಾಯಿಲೆಯ ಪಥ್ಯವನ್ನು ನಾನು ಶ್ರದ್ಧೆಯಿಂದ ಮಾಡಿದ್ದೆ.

ಅನಂತರ ಅವರು ತೂಕದ ವಿಷಯಕ್ಕೆ ಬಂದರು. ತೂಕ ಹೆಚ್ಚಿರುವ ಹಿರಿಯರನ್ನು ಕುರಿತ 2005ರ ಒಂದು ಅಧ್ಯಯನದ ಪ್ರಕಾರ ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಒಂದು ಕಿಲೋಮೀಟರ್ ನಡೆಯಲು ಸಾವಿರಕ್ಕೂ ಹೆಚ್ಚು ಹೆಜ್ಜೆ ಬೇಕು. ನಾನು ಏರಿಸಿಕೊಂಡಿದ್ದ ಮೂರು ಕಿಲೋವನ್ನು ಮನಸ್ಸಿನಲ್ಲೇ ಗುಣಿಸಿ ಸುಮ್ಮನಾದೆ. ಆದರೂ ಒಂದು ಪ್ರಶ್ನೆ ಉಳಿದಿತ್ತು: ನನ್ನ ಅಕ್ಕನಿಗೆ ನೋವಿರುವುದು ಬೆರಳಿನ ಗಿಣ್ಣುಗಳಲ್ಲಿ, ಅವಳೇನೂ ಕೈಯೂರಿ ನಡೆಯುವುದಿಲ್ಲವಲ್ಲ? ಕೊಬ್ಬು ಬರಿಯ ಹೊರೆಯಲ್ಲ, ಅದು ಲೆಪ್ಟಿನ್‌ನಂಥ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಿರುತ್ತದೆ, ಉರಿಯೂತವನ್ನು ಕೆರಳಿಸುವ ಇಂಥವು ಭಾರ ಹೊರದ ಕೀಲುಗಳಿಗೂ ತಲುಪುತ್ತವೆ ಎಂದು ಅವರು ವಿವರಿಸಿದರು. ಅಲ್ಲಿಯವರೆಗೆ ಕೀಲನ್ನು ನಾನು ಬಾಗಿಲಿನ ತಿರುಗಣಿಯಂತೆಯೇ ಭಾವಿಸಿದ್ದೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಮಾತು. ಕೀಲಿನಲ್ಲಿ ಮೂಳೆಗಳ ತುದಿಯನ್ನು ಹೊದ್ದಿರುವ ನುಣುಪಾದ ಪದರ, ಅಂದರೆ ಮೃದ್ವಸ್ಥಿಗೆ, ರಕ್ತನಾಳಗಳಿಲ್ಲ, ನಡೆಯುವಾಗ ಅದು ಒತ್ತಿ ಬಿಟ್ಟಂತಾಗಿ ಕೀಲಿನೊಳಗಿನ ದ್ರವದಿಂದ ಪೋಷಕಾಂಶಗಳನ್ನು ಹೀರಿಕೊಳ್ಳುತ್ತದೆ. ಅಂದರೆ ಎಷ್ಟು ಒಳ್ಳೆಯದನ್ನು ತಿಂದರೂ ಕುಳಿತೇ ಇದ್ದವನ ಮಂಡಿಗೆ ಅದು ಸರಿಯಾಗಿ ಮುಟ್ಟುವುದಿಲ್ಲ. ಮೇಲಾಗಿ ಕಾಳು, ಹಾಲು, ಮಾಂಸ ಮೂರನ್ನೂ ಬಿಟ್ಟು ಪ್ರೋಟೀನನ್ನು ಕಳೆದುಕೊಂಡಿದ್ದೆ, ಮಂಡಿಯ ಭಾರವನ್ನು ಹಂಚಿಕೊಳ್ಳಬೇಕಾದ ತೊಡೆಯ ಸ್ನಾಯುಗಳನ್ನೇ ಸೊರಗಿಸಿದ್ದೆ. 2013ರಲ್ಲಿ ಪ್ರಕಟವಾದ, 454 ಜನರನ್ನು 18 ತಿಂಗಳು ಗಮನಿಸಿದ ಪ್ರಯೋಗದಲ್ಲಿ ಆಹಾರ ನಿಯಂತ್ರಣ ಮತ್ತು ವ್ಯಾಯಾಮ ಎರಡನ್ನೂ ಮಾಡಿದವರು ತಮ್ಮ ತೂಕದ ಶೇ 11ರಷ್ಟನ್ನು ಇಳಿಸಿದರು. ಯಾವುದೋ ಒಂದನ್ನು ಮಾತ್ರ ಮಾಡಿದವರಿಗಿಂತ ಅವರಿಗೆ ನೋವು ಕಡಿಮೆಯಿತ್ತು.

ಕೀಲಿಗೆ ಒಳ್ಳೆಯದೆಂದು ನಾನು ನುಂಗುತ್ತಿದ್ದ ಗ್ಲುಕೋಸಮೀನ್ ಎಂಬ ಪೂರಕ ಮಾತ್ರೆಗಳ ಬಗ್ಗೆ ಅವರು ಹೆಚ್ಚು ಮಾತನಾಡಲಿಲ್ಲ. 2006ರಲ್ಲಿ ಪ್ರಕಟವಾದ, 1,583 ಜನರ ಮೇಲೆ ನಡೆದ ಪ್ರಯೋಗದಲ್ಲಿ ಔಷಧವೇ ಇಲ್ಲದ ಮಾತ್ರೆ ನುಂಗಿದವರಲ್ಲಿಯೂ ಶೇ 60ರಷ್ಟು ಮಂದಿಗೆ ನೋವು ಇಳಿದಿತ್ತು, ಒಟ್ಟಾರೆ ನೋಡಿದರೆ ಗ್ಲುಕೋಸಮೀನ್ ಅದಕ್ಕಿಂತ ಗಮನಾರ್ಹವಾಗಿ ಮೇಲಾಗಿರಲಿಲ್ಲ ಎಂದಷ್ಟೇ ಹೇಳಿದರು. ದುಡ್ಡು ಕೊಟ್ಟದ್ದಲ್ಲವೇ ಎಂದು ಆ ಡಬ್ಬಿಯನ್ನು ನಾನು ಮುಗಿಸಿಯೇ ಬಿಟ್ಟೆ.

ಅವರು ಬರೆದುಕೊಟ್ಟ ಚೀಟಿಯಲ್ಲಿ ಬಿಡಬೇಕಾದವು ಎರಡೇ ಇದ್ದವು: ಸಕ್ಕರೆ ಬೆರೆತ ಪಾನೀಯ ಮತ್ತು ಕರಿದ ತಿಂಡಿ. ಸೇರಿಸಿಕೊಳ್ಳಬೇಕಾದವುಗಳ ಪಟ್ಟಿಯೇ ಉದ್ದವಾಗಿತ್ತು: ಅರ್ಧ ತಟ್ಟೆ ತರಕಾರಿ, ಎರಡು ಹೊತ್ತೂ ಪ್ರೋಟೀನ್, ವಾರಕ್ಕೆರಡು ಸಲ ಮೀನು ಅಥವಾ ದಿನಕ್ಕೊಂದು ಹಿಡಿ ಬೀಜಗಳು, ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ, ಸಮತಟ್ಟಾದ ನೆಲದಲ್ಲಿ ನಡಿಗೆ. ಅಂದು ರಾತ್ರಿ ಆರು ವಾರಗಳ ಮೇಲೆ ಟೊಮೇಟೊ ತಿಂದೆ. ಮರುದಿನದ ಅಂಕ ನಾಲ್ಕು, ಹಿಂದಿನ ದಿನದಷ್ಟೇ.

ಈಗ ಐದು ತಿಂಗಳಾಗಿದೆ. ತೂಕ ಐದು ಕಿಲೋ ಇಳಿದಿದೆ, ಅರ್ಧ ನಿಮಿಷದಲ್ಲಿ ಹನ್ನೊಂದು ಸಲ ಏಳುತ್ತೇನೆ, ಅಂಕ ಹೆಚ್ಚಿನ ದಿನ ಎರಡರಲ್ಲೇ ನಿಲ್ಲುತ್ತದೆ. ಮೆಟ್ಟಿಲು ಹತ್ತುವುದು ಸಲೀಸಾಗಿದೆ. ಇಳಿಯುವಾಗ ಮಾತ್ರ ಇಂದಿಗೂ ಪಕ್ಕದ ಕಂಬಿ ಹಿಡಿದುಕೊಳ್ಳುತ್ತೇನೆ.