ಕೋಲಿನ ನೆರಳು, ಕಡಲೆ ಹುಳಿ: ಈ ಚಳಿಗಾಲದ ಲೆಕ್ಕ

ಡಿಸೆಂಬರ್ 14, 2025

ಈ ಸಲದ ಕೆಲಸ ಇಷ್ಟೇ. ಎಳ್ಳ ಅಮವಾಸ್ಯೆಯಿಂದ ರಥಸಪ್ತಮಿವರೆಗೆ ನಮ್ಮ ಮನೆಯ ಆಚರಣೆಗಳಿಗೆ ಯಾವ ಕಾಳು, ಯಾವ ಎಲೆ ಬೇಕಾಗುತ್ತದೆ, ಆ ಹೊತ್ತಿಗೆ ಅದು ಹೊಲದಲ್ಲಿ ಹೇಗಿರುತ್ತದೆ ಎಂದು ಬರೆದಿಡುವುದು. ಜೊತೆಗೆ ಕೊಪ್ಪಳದ ಮನೆಯ ಮಾಳಿಗೆ ಮೇಲೆ ಒಂದು ಮೀಟರ್ ಕೋಲು ನೆಟ್ಟಗೆ ನಿಲ್ಲಿಸಿದ್ದೇನೆ, ಮಧ್ಯಾಹ್ನದ ನೆರಳು ಅಳೆಯಲು. ಸೂರ್ಯ ದಕ್ಷಿಣದ ಕಡೆ ಎಷ್ಟು ಜಾರಿದ್ದಾನೆ ಅನ್ನೋದಕ್ಕೆ ಇದಕ್ಕಿಂತ ಸುಲಭದ ಸಾಧನ ಇಲ್ಲ.

ಹೊಲ ಇರುವುದು ಯಲಬುರ್ಗಾ ಕಡೆ. ಎರೆ ಭೂಮಿ, ಮಳೆ ಬಿಟ್ಟರೆ ಬೇರೆ ನೀರಿಲ್ಲ. ಬಿಳಿಜೋಳ, ಕಡಲೆ, ಅಂಚಿಗೆ ಕುಸುಬೆ. ಕುಸುಬೆ ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುವುದಿಲ್ಲ. ಗಂಗಾವತಿ ಕಡೆಯ ಕಾಲುವೆ ನೀರಿನ ಭತ್ತದವರಿಗೆ ಈ ಲೆಕ್ಕ ಅಷ್ಟಾಗಿ ಹೊಂದಲಿಕ್ಕಿಲ್ಲ.

ನೆರಳು ಅತಿ ಚಿಕ್ಕದಾಗುವುದು ಇಲ್ಲಿ 12 ಗಂಟೆಗಲ್ಲ, 12:20ರ ಸುಮಾರಿಗೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ ಸಮಯ ತೋರಿಸುತ್ತದೆ, ಕೊಪ್ಪಳ ಇರುವುದು 76ರ ಆಸುಪಾಸು. ಇವತ್ತಿನ ನೆರಳು 80 ಸೆಂ.ಮೀ.ಗೆ ಕೂದಲೆಳೆಯಷ್ಟು ಕಡಿಮೆ.

ಡಿಸೆಂಬರ್ 19, ಎಳ್ಳ ಅಮವಾಸ್ಯೆ

ಹೊಲಕ್ಕೆ ಹೋಗುವ ಬುಟ್ಟಿ ತುಂಬುವಾಗ ಪಕ್ಕದಲ್ಲೇ ಕೂತು ಪಟ್ಟಿ ಮಾಡಿದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಪುಂಡಿ ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ. ಬರೆಯುತ್ತಾ ಹೋದಂತೆ ಒಂದು ವಿಷಯ ಕಣ್ಣಿಗೆ ಬಿತ್ತು. ಎಳ್ಳು, ಸಜ್ಜೆ, ಶೇಂಗಾ ಎಲ್ಲಾ ಮುಂಗಾರಿನ ಬೆಳೆ. ಎಂದೋ ಕೊಯ್ದು ಮನೆ ಸೇರಿವೆ. ಎಳ್ಳಿನ ಹೆಸರಿನ ಹಬ್ಬದ ದಿನ ಹೊಲದಲ್ಲಿ ಹುಡುಕಿದರೂ ಒಂದು ಎಳ್ಳಿನ ಗಿಡ ಸಿಗುವುದಿಲ್ಲ! ಹೊಲದಲ್ಲಿ ನಿಂತಿರುವುದು ಹಿಂಗಾರಿನ ಜೋಳ, ಕಡಲೆ. ಅಂದರೆ ಮುಂಗಾರಿನ ಫಸಲಲ್ಲಿ ಅಡುಗೆ ಮಾಡಿ ಹಿಂಗಾರಿನ ಪೈರಿಗೆ ಉಣಿಸುತ್ತೇವೆ. ಎಷ್ಟು ವರ್ಷದಿಂದ ಈ ಊಟ ಉಂಡಿದ್ದೇನೆ, ಇದು ಹೊಳೆದಿರಲೇ ಇಲ್ಲ.

ಜೋಳ ಈಗ ಹೊಡೆಗೆ ಬಂದಿದೆ. ತೆನೆ ಇನ್ನೂ ಎಲೆಯ ಒಳಗೇ ಇದೆ, ದಂಟಿನ ತುದಿ ಉಬ್ಬಿದೆ. ಒಂದೆರಡು ಕಡೆ ಎಲೆ ಸೀಳಿ ಹಸಿರು ತೆನೆ ಇಣುಕುತ್ತಿತ್ತು. ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ ಅನ್ನೋ ಮಾತನ್ನು ಆ ಉಬ್ಬಿದ ದಂಟು ಮುಟ್ಟಿ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪೂಜೆ ನಡೆದದ್ದು ಬನ್ನಿ ಮರದ ಬುಡದಲ್ಲಿ. ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರು ಎಂದು ಕೂರಿಸುತ್ತೇವೆ. ಅಜ್ಞಾತವಾಸಕ್ಕೆ ಹೋಗುವಾಗ ಅವರು ಆಯುಧ ಬಚ್ಚಿಟ್ಟದ್ದು ಬನ್ನಿಯಲ್ಲೇ ಅಲ್ವಾ. ರೈತನಿಗೆ ಈ ಮರದ ಮೇಲೆ ಬೇರೆ ಪ್ರೀತಿಯೂ ಇದೆ. ಬೇರು ಆಳಕ್ಕೆ ಇಳಿಯುತ್ತದೆ, ನೆರಳು ದಟ್ಟವಲ್ಲ. ಅದರ ಕೆಳಗೂ ಪೈರು ಬರುತ್ತದೆ. ಅದಕ್ಕೇ ಹೊಲದ ನಡುವೆ ಇದ್ದರೂ ಯಾರೂ ಕಡಿದಿಲ್ಲ.

ಆಮೇಲೆ ಚರಗ. ಕಾಕಾ ಮುಂದೆ ಮುಂದೆ ಎಡೆ ಚೆಲ್ಲುತ್ತಾ "ಹುಲ್ಲುಲ್ಲಿಗೋ" ಎಂದು ಕೂಗಿದರು. ಹಿಂದೆ ಅವರ ಮಗ ತಂಬಿಗೆಯಿಂದ ನೀರು ಚಿಮುಕಿಸಿದ. ಈ ಕೂಗಿನ ಮುಂದಿನ ಪದಗಳು ಊರಿಂದ ಊರಿಗೆ ಬೇರೆ. ಸ್ವಲ್ಪ ಹೊತ್ತಿಗೇ ಗೊರವಂಕ ಬಂದವು, ಕಾಜಾಣ ಬಂತು. ಕಾಜಾಣಕ್ಕೆ ಹೋಳಿಗೆ ಬೇಡ, ಹುಳು ಬೇಕು. ಕಡಲೆಯಲ್ಲಿ ಈಗ ಹೂ, ಅಲ್ಲಲ್ಲಿ ಎಳೆ ಕಾಯಿ. ಕಾಯಿಕೊರಕ ಹುಳು ಬೀಳುವ ಕಾಲವೂ ಇದೇ. ಕಡಲೆ ಹೊಲದಲ್ಲಿ ಮಂಡಕ್ಕಿ ಚೆಲ್ಲಿ, ಕವಲು ಟೊಂಗೆ ನೆಟ್ಟು ಹಕ್ಕಿ ಕರೆಯಿರಿ ಎಂದು ಕೃಷಿ ತಜ್ಞರೂ ಹೇಳುತ್ತಾರೆ. ಆದರೆ ಹಿರಿಯರು ಹುಳುವಿಗಾಗಿಯೇ ಚರಗ ಶುರು ಮಾಡಿದರು ಎಂದು ನಾನು ಬರೆಯಲಾರೆ. ಹಕ್ಕಿ ಬರುತ್ತವೆ, ಅಷ್ಟು ನಿಜ.

ಡಿಸೆಂಬರ್ 20, ನಸುಕು

ರಾತ್ರಿ ಊರಲ್ಲೇ ಉಳಿದದ್ದು ಕಡಲೆ ಹುಳಿಗಾಗಿ. ಚಿಗವ್ವ ಹಳೆಯ ಬಿಳಿ ಪಂಚೆಯೊಂದನ್ನು ಒಗೆದು ಇಟ್ಟಿದ್ದಳು. ಔಷಧಿ ಹೊಡೆಯದೆ ಬಿಟ್ಟ ನಾಲ್ಕು ಸಾಲು ಇದಕ್ಕೆ ಅಂತಲೇ ಇದ್ದವು. ಔಷಧಿ ಹೊಡೆದ ಹೊಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಬಿಸಿಲು ಬೀಳುವ ಮೊದಲು ಇಬ್ಬರೂ ಬಟ್ಟೆಯ ಎರಡು ತುದಿ ಹಿಡಿದು ಗಿಡದ ಮೇಲೆ ಮೆಲ್ಲಗೆ ಎಳೆದೆವು. ಕಡಲೆ ಗಿಡದ ಮೈತುಂಬಾ ಸಣ್ಣ ಕೂದಲು. ಅವುಗಳ ತುದಿಯಲ್ಲಿ ಹುಳಿ ಜಿನುಗುತ್ತದೆ, ಮುಖ್ಯವಾಗಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ಇಬ್ಬನಿ ಅದನ್ನು ಕರಗಿಸಿಕೊಳ್ಳುತ್ತದೆ, ಬಟ್ಟೆ ಇಬ್ಬನಿಯನ್ನು ಹೀರುತ್ತದೆ. ಸಾಲು ಮುಗಿಯುವಷ್ಟರಲ್ಲಿ ಪಂಚೆ ತೊಯ್ದು ಭಾರವಾಗಿತ್ತು. ಪಿಂಗಾಣಿ ಭರಣಿಗೆ ಹಿಂಡಿದೆವು. ತಾಮ್ರ, ಹಿತ್ತಾಳೆ ಪಾತ್ರೆಗೆ ಹುಳಿ ಆಗಿಬರುವುದಿಲ್ಲ. ಬಂದದ್ದು ತೆಳು ಕಂದು ಬಣ್ಣದ ನೀರು. ಬೆರಳಲ್ಲಿ ಅದ್ದಿ ನಾಲಿಗೆಗೆ ಇಟ್ಟರೆ ಹಲ್ಲು ಚುಳ್ಳೆಂದವು. ಹುಣಸೆಯ ದುಂಡನೆ ಹುಳಿ ಅಲ್ಲ ಇದು, ಚೂಪು.

"ಲೇ ತಮ್ಮಾ, ಕೈ ತೊಳ್ಕೋ, ಉರಿತಾವ" ಅಂದಳು ಚಿಗವ್ವ. ನಿಜಕ್ಕೂ ಉರಿಯುತ್ತಿದ್ದವು. ಹೊಟ್ಟೆ ನೋವು, ಅಜೀರ್ಣಕ್ಕೆ ನೀರಲ್ಲಿ ಕೆಲವು ಹನಿ ಹಾಕಿ ಕೊಡುವುದು ಅವಳ ರೂಢಿ. ಕೋಲಿನ ಕಥೆ ಹೇಳಿದೆ. "ನೆರಳ ಅಳದ್ರ ಹೊಟ್ಟಿ ತುಂಬತೈತೇನು?" ಅಂದಳು.

ಡಿಸೆಂಬರ್ 21

ವರ್ಷದ ಅತಿ ಚಿಕ್ಕ ಹಗಲು. ಕೊಪ್ಪಳದಲ್ಲಿ ಸುಮಾರು 11 ಗಂಟೆ 10 ನಿಮಿಷ. ಸೂರ್ಯ ಮಕರ ರೇಖೆಯ ಮೇಲೆ, ನನ್ನ ಕೋಲಿನ ನೆರಳು 80 ಸೆಂ.ಮೀ. ಒಂದು ವಾರದಿಂದ ಬದಲಾವಣೆ ಒಂದು ಸೆಂ.ಮೀ. ಕೂಡ ಇಲ್ಲ.

ಮನೆಯಲ್ಲಿ ಇವತ್ತು ವಿಶೇಷ ಏನೂ ಇಲ್ಲ. ಯುರೋಪಿನಲ್ಲಿ ಈ ದಿನಗಳಲ್ಲಿ ಹಾಲಿ, ಐವಿಯಂಥ ಎಲೆ ಉದುರದ ಗಿಡಗಳ ಕೊಂಬೆಯನ್ನು ಮನೆಯೊಳಗೆ ತಂದು ಕಟ್ಟುವ ರೂಢಿ ಇದೆ. ಹೊರಗೆಲ್ಲಾ ಬೋಳು, ಹಸಿರು ಅಪರೂಪ. ನಮ್ಮಲ್ಲಿ ಹಸಿರು ಹೊಲದ ತುಂಬಾ ಇದೆ, ನಾವೇ ಅದರ ಬಳಿಗೆ ಬುಟ್ಟಿ ಹೊತ್ತು ಹೋಗುತ್ತೇವೆ. ಅಮವಾಸ್ಯೆಯೂ ಒಂದೇ ಕಡೆ ನಿಲ್ಲುವುದಿಲ್ಲ. 2024ರಲ್ಲಿ ಡಿಸೆಂಬರ್ 30, ಈ ವರ್ಷ 19. ಮುಂದಿನದು ಅಧಿಕ ಮಾಸದ ದೆಸೆಯಿಂದ 2027ರ ಜನವರಿಗೆ ಜಾರುತ್ತದೆ. ಆಗ ಜೋಳ ಹೊಡೆ ದಾಟಿ ತೆನೆಯಲ್ಲಿ ಹಾಲು ತುಂಬಿರುತ್ತದೋ ಏನೋ, ನೋಡಬೇಕು.

ಜನವರಿ 14, 2026

ನೆರಳು 74 ಸೆಂ.ಮೀ. ಈಗ ಬರಿಗಣ್ಣಿಗೇ ಗೊತ್ತಾಗುತ್ತದೆ. ಸೂರ್ಯ ಉತ್ತರಕ್ಕೆ ತಿರುಗಿ ಮೂರು ವಾರ ದಾಟಿತು, ಉತ್ತರಾಯಣದ ಹಬ್ಬ ಮಾತ್ರ ಈಗ. ಭೂಮಿಯ ಅಕ್ಷ ನಿಧಾನವಾಗಿ ಓಲಾಡುತ್ತದೆ, ಅದರಿಂದ ಸಂಕ್ರಾಂತಿ ಸುಮಾರು 72 ವರ್ಷಕ್ಕೆ ಒಂದು ದಿನ ತಡವಾಗುತ್ತಾ ಬಂದಿದೆ. ಸುಮಾರು 1,700 ವರ್ಷದ ಹಿಂದೆ ಸೂರ್ಯ ತಿರುಗುವ ದಿನ, ಸಂಕ್ರಾಂತಿ ಎರಡೂ ಒಂದೇ ದಿನಕ್ಕೆ ಬರುತ್ತಿದ್ದವು. ಆದರೂ ಬೆಳಗಿನ ಚಳಿ ಕಡಿಮೆ ಆಗಿಲ್ಲ. ನಮ್ಮ ಕಡೆ ಸೂರ್ಯ ಅತಿ ತಡವಾಗಿ ಹುಟ್ಟುವುದು ಜನವರಿ ಮೂರನೇ ವಾರದಲ್ಲೇ.

ಅರೆದ ಎಳ್ಳು ಮೈಗೆ ಹಚ್ಚಿಕೊಂಡು ಹುಲಿಗಿಯಲ್ಲಿ ತುಂಗಭದ್ರೆಯ ಸ್ನಾನ ಆಯಿತು. ಕಾಳಿನ ಅರ್ಧದಷ್ಟು ಎಣ್ಣೆಯೇ, ಒಡೆದ ಚರ್ಮಕ್ಕೆ ಹಿತ. ಊಟದ ಪಟ್ಟಿ ಮಾತ್ರ ಬದಲಾಗಿದೆ. ಸಜ್ಜೆ ರೊಟ್ಟಿ, ಎಳ್ಳು ಹಾಗೇ ಇವೆ. ಅವುಗಳ ಪಕ್ಕ ಸುಲಗಾಯಿ (ಹಸಿ ಕಡಲೆಕಾಯಿ), ಬಾರೆಹಣ್ಣು, ಕಬ್ಬು, ಗಜ್ಜರಿ ಬಂದು ಕೂತಿವೆ. ಅಮವಾಸ್ಯೆಗೆ ನಾವು ಉಣಿಸಿದ ಕಡಲೆ ಈಗ ನಮಗೆ ಉಣಿಸುತ್ತಿದೆ.

ಇನ್ನು ಉಳಿದದ್ದು ಜನವರಿ 25ರ ರಥಸಪ್ತಮಿ, ಏಳು ಎಕ್ಕದ ಎಲೆಯ ಸ್ನಾನ. ಎಲೆ ಹಿಂದಿನ ಸಂಜೆಯೇ ಕಿತ್ತು, ತೊಟ್ಟಿನ ಹಾಲು ಸೋರಲು ಬಿಡಬೇಕು. ಕಣ್ಣಿಗೆ ಬಿದ್ದರೆ ಅಪಾಯ, ಮಕ್ಕಳ ಕೈಗೆ ಕೊಡುವ ಹಾಗಿಲ್ಲ. ಸೀತನಿಗೆ, ಅಂದರೆ ಎಳೆ ಜೋಳದ ತೆನೆ ಸುಟ್ಟು ತಿನ್ನಲು, ಯಾವಾಗ ಬರಲಿ ಎಂದು ಕಾಕಾಗೆ ಫೋನ್ ಮಾಡಿದೆ. ತೆನೆಯ ಹಾಲು ಗಟ್ಟಿಯಾಗುತ್ತಿದೆ, ಇನ್ನೊಂದು ವಾರ ತಡಿ ಅಂದರು.