ಇದೆಲ್ಲ ಎಲ್ಲಿಗೆ ಹೋಗ್ತಿದೆ ಸಾರ್?

ಮಂಗಳವಾರ ಮಧ್ಯಾಹ್ನ ನಮ್ಮ ಸೋಲಾರ್ ಪ್ಲಾಂಟಿನ ಕಾವಲಿನ ಅಣ್ಣ ಕೇಳಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. "ಇಷ್ಟೊಂದು ಬಿಸಿಲು ಬೀಳ್ತಿದೆಯಲ್ಲ, ಇದೆಲ್ಲ ಈಗ ಎಲ್ಲಿಗೆ ಹೋಗ್ತಿದೆ ಸಾರ್?"

ಪ್ಯಾನಲ್ ಹಾಕಿ ಮುಗಿಸಿ ಏಳು ತಿಂಗಳಾಯಿತು. ಸಬ್‌ಸ್ಟೇಷನ್‌ಗೆ ಬರಬೇಕಾದ ಟ್ರಾನ್ಸ್‌ಫಾರ್ಮರ್ ಬಂದಿಲ್ಲ. ಅದು ಬರದೆ ನಮ್ಮ ಕರೆಂಟ್ ಗ್ರಿಡ್‌ಗೆ, ಅಂದರೆ ಊರೂರಿಗೆ ಕರೆಂಟ್ ಒಯ್ಯುವ ಲೈನುಗಳ ಜಾಲಕ್ಕೆ, ಸೇರುವ ಹಾಗಿಲ್ಲ. ಅವತ್ತು ಬೆಳಿಗ್ಗೆ ಬಂದ ಪತ್ರದಲ್ಲಿ ಮತ್ತೆ ನಾಲ್ಕು ತಿಂಗಳು ಮುಂದಕ್ಕೆ ಹಾಕಿದ್ದರು.

ಅಣ್ಣನಿಗೆ ಇನ್ವರ್ಟರ್‌ನ, ಅಂದರೆ ಪ್ಯಾನಲ್‌ನ ಕರೆಂಟನ್ನು ಗ್ರಿಡ್‌ಗೆ ಹೊಂದುವಂತೆ ಬದಲಿಸುವ ಯಂತ್ರದ, ಸ್ಕ್ರೀನ್ ತೋರಿಸಿದೆ. ಪ್ಯಾನಲ್ ಕಡೆಯಿಂದ 1,300 ವೋಲ್ಟ್ ಬಂದು ನಿಂತಿದೆ. ಗ್ರಿಡ್ ಕಡೆ ಸೊನ್ನೆ. ಕರೆಂಟ್ ಸೊನ್ನೆ. ಆಮೇಲೆ ಪ್ಯಾನಲ್ ಕೆಳಗೆ ಕೈ ಇಟ್ಟು "ಇಲ್ಲಿಗೇ" ಅಂದೆ. ಕರೆಂಟ್ ಆಗಿ ಹೊರಗೆ ಹೋಗದ ಬಿಸಿಲು ಪ್ಯಾನಲ್‌ನಲ್ಲೇ ಬಿಸಿಯಾಗಿ ಉಳಿಯುತ್ತದೆ. ಕೆಲಸ ಮಾಡುವ ಪ್ಯಾನಲ್‌ಗಿಂತ ಸುಮ್ನೆ ನಿಂತ ಪ್ಯಾನಲ್ ಕೆಲವು ಡಿಗ್ರಿ ಜಾಸ್ತಿಯೇ ಕಾಯುತ್ತದೆ. ಅವರೂ ಕೈ ಇಟ್ಟು ಸಟಕ್ಕನೆ ತೆಗೆದರು. "ಹಾಗಾದ್ರೆ ದಿನಾ ಸುಟ್ಟು ಹೋಗ್ತಿದೆ ಅನ್ನಿ."

ಸಂಜೆ ಅವರ ಕೋಣೆಯ ದೀಪ ಉರಿಯುವುದು ಡೀಸೆಲ್ ಜನರೇಟರ್‌ನಿಂದ. "ನಮ್ಮದನ್ನೇ ನಾವು ಬಳಸಬಹುದಲ್ವಾ?" ಅಂತ ಕೇಳಿದರು. ಆಗುವುದಿಲ್ಲ. ನಮ್ಮಲ್ಲಿರುವ ಇನ್ವರ್ಟರ್‌ಗಳು ಗ್ರಿಡ್‌ನ ತಾಳ ಕೇಳಿಸಿಕೊಂಡೇ ಹೆಜ್ಜೆ ಹಾಕುತ್ತವೆ. ತಾಳ ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಡುತ್ತದೆ ಅನ್ನುವುದು: 50 ಹರ್ಟ್ಜ್ ಇದ್ದಲ್ಲಿ 50, 60 ಇದ್ದಲ್ಲಿ 60. ಆ ತಾಳ ಬರದಿದ್ದರೆ ಶುರುವೇ ಆಗುವುದಿಲ್ಲ.

ಸಬ್‌ಸ್ಟೇಷನ್‌ನ ಎಂಜಿನಿಯರ್ ಮೇಲೆ ನನಗೆ ಸಿಟ್ಟಿಲ್ಲ. ಏನಾದರೂ ಏರುಪೇರಾದರೆ ಪ್ಲಾಂಟನ್ನು ಗ್ರಿಡ್‌ನಿಂದ ಕಡಿಯುವ ನಮ್ಮ ರಿಲೇ ಸೆಟ್ಟಿಂಗ್‌ಗಳನ್ನು ಮೂರು ಸಲ ವಾಪಸ್ ಕಳಿಸಿದ ಮನುಷ್ಯ ಅವರು. ಅವರು ಮಾಡಿದ್ದು ಸರಿ. 2016ರ ಸೆಪ್ಟೆಂಬರ್ 28ರಂದು ದಕ್ಷಿಣ ಆಸ್ಟ್ರೇಲಿಯಾದಲ್ಲಿ ಬಿರುಗಾಳಿಗೆ ಟವರ್‌ಗಳು ಉರುಳಿದವು, ವೋಲ್ಟೇಜ್ ಮತ್ತೆ ಮತ್ತೆ ಕುಸಿಯಿತು. ಹಲವು ವಿಂಡ್ ಫಾರ್ಮ್‌ಗಳು ತಮ್ಮ ಸೆಟ್ಟಿಂಗ್‌ನಿಂದಾಗಿ ಒಮ್ಮೆಲೇ ಕರೆಂಟ್ ಕೊಡುವುದನ್ನು ತಗ್ಗಿಸಿದವು. ಇಡೀ ರಾಜ್ಯ ಕತ್ತಲಾಯಿತು. ಒಂದು ಸಂಖ್ಯೆ ತಪ್ಪಾದರೆ ಏನಾಗುತ್ತದೆ ಅಂತ ಗೊತ್ತಿರುವವರು ಅವಸರ ಮಾಡುವುದಿಲ್ಲ.

ನನ್ನ ಸಿಟ್ಟು ಇರುವುದು ಜಾಗವಿಲ್ಲದೆ, ಹಣವಿಲ್ಲದೆ, ಗ್ರಿಡ್ ಸೇರಲು ಬರೀ ಅರ್ಜಿ ಹಾಕಿ ಸರದಿ ಹಿಡಿದು ಕೂರುವವರ ಮೇಲೆ. ನಮ್ಮ ಮುಂದೆ ಅಂಥವರು ಇಬ್ಬರಿದ್ದರು. ಮುಂದಿನವರು ಹಿಂದೆ ಸರಿದಾಗ ಯಾವ ಲೈನಿಗೆ ಎಷ್ಟು ಹೊರೆ, ಯಾರು ಎಷ್ಟು ಖರ್ಚು ಹೊರಬೇಕು ಅನ್ನುವ ಲೆಕ್ಕ ಮತ್ತೆ ಮೊದಲಿಂದ. ನಮಗೆ ಎರಡು ಸಲ ಹಾಗಾಯಿತು. ಅಮೆರಿಕದಲ್ಲಿ 2000ದಿಂದ 2018ರವರೆಗೆ ಅರ್ಜಿ ಹಾಕಿದ ಯೋಜನೆಗಳಲ್ಲಿ 2023ರ ಕೊನೆಯ ಹೊತ್ತಿಗೆ ಕರೆಂಟ್ ಕೊಟ್ಟಿದ್ದು ಸುಮಾರು 19% ಮಾತ್ರ. ಅಲ್ಲಿನ ಇಂಧನ ನಿಯಂತ್ರಣ ಆಯೋಗ 2023ರ ಜುಲೈನಲ್ಲಿ ನಿಯಮವನ್ನೇ ಬದಲಿಸಿತು. ಮೊದಲು ಬಂದವರಿಗಲ್ಲ, ಮೊದಲು ತಯಾರಾದವರಿಗೆ ಆದ್ಯತೆ. ಇದು ಎಲ್ಲ ಕಡೆ ಬರಬೇಕು.

ಸರದಿ ಸರಿಹೋದರೂ ಲೈನ್ ಬೇಕಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2023ರಲ್ಲಿ ಹೇಳಿದ ಲೆಕ್ಕದಲ್ಲಿ, ಹೊಸ ಗ್ರಿಡ್ ಕೆಲಸ ಮುಗಿಯಲು 5ರಿಂದ 15 ವರ್ಷ. ಸೋಲಾರ್, ವಿಂಡ್ ಯೋಜನೆಗಳಿಗೆ 1ರಿಂದ 5 ವರ್ಷ. ಲೈನ್ ಮೊದಲು ಶುರುವಾಗಬೇಕಿತ್ತು. ಆದರೆ ಹೊಸ ಪ್ಲಾಂಟ್ ಉದ್ಘಾಟನೆಗೆ ಬರುವಷ್ಟು ಜನ ಲೈನ್ ಎಳೆಯುವ ಕೆಲಸ ನೋಡಲು ಬರುವುದಿಲ್ಲ. ಗೋಪುರ ಹತ್ತಿ ತಂತಿ ಬಿಗಿಯುವವರ ಕೆಲಸ ನನ್ನ ಕೆಲಸಕ್ಕಿಂತ ದೊಡ್ಡದು ಅಂತ ನನಗೆ ಈ ಏಳು ತಿಂಗಳಲ್ಲಿ ಚೆನ್ನಾಗಿ ಅರ್ಥವಾಗಿದೆ. ಅದೇ ಸಂಸ್ಥೆಯ ಪ್ರಕಾರ ಆಗ ಗ್ರಿಡ್ ಸೇರಲು ಕಾಯುತ್ತಿದ್ದ ಹಸಿರು ಯೋಜನೆಗಳು ಕನಿಷ್ಠ 3,000 ಗಿಗಾವ್ಯಾಟ್. ಆ ಅಂಕಿ ಮೊದಲೂ ಓದಿದ್ದೆ. ಈಗ ಅದನ್ನು ನೆನೆದರೆ ಅಂಗೈ ಸುಡುತ್ತದೆ.

ನಿನ್ನೆ ಸಂಜೆ ಮತ್ತೆ ಹೋಗಿದ್ದೆ. ಕತ್ತಲಾಗುವ ಹೊತ್ತು, ಜನರೇಟರ್ ಆಗಲೇ ಶುರುವಾಗಿತ್ತು. ಅಣ್ಣ ಮೊದಲ ಸಾಲಿನ ಪ್ಯಾನಲ್ ಕೆಳಗೆ ಕೈ ಇಟ್ಟು ನಿಂತಿದ್ದರು. ನನ್ನ ಕಡೆ ತಿರುಗಿ, "ಇವತ್ತಿಂದೂ ಆರಿಹೋಯ್ತು ಸಾರ್" ಅಂದರು.