ಮೆಟ್ರೋ ಬಂತು, ಹಳ್ಳಿ ಗುಡ್ಡ ಹತ್ತಿತು

ಹಾಂಗ್‌ಕಾಂಗ್‌ನಲ್ಲಿ ಗೆಳೆಯನ ಮನೆ ಇರುವುದು ತ್ಸುಯೆನ್ ವಾನ್‌ನಲ್ಲಿ. ಮೆಟ್ರೋದ ಕೆಂಪು ಮಾರ್ಗ ಅಲ್ಲಿಗೆ ಮುಗಿಯುತ್ತದೆ. ಊರಿನ ಬೆನ್ನಿಗೆ 957 ಮೀಟರ್ ಎತ್ತರದ ತೈ ಮೋ ಶಾನ್, ಎದುರಿಗೆ ಸಮುದ್ರ, ಮಧ್ಯೆ ಕತ್ತು ನೋಯುವಷ್ಟು ಎತ್ತರದ ಕಟ್ಟಡಗಳು. ಇಂಥಲ್ಲಿ "ಬಾರೋ, ಹಳ್ಳಿ ತೋರಿಸ್ತೀನಿ" ಅಂದರೆ ನಂಬುವುದು ಹೇಗೆ?

ನಿಲ್ದಾಣದಿಂದ ನಾಲ್ಕು ಹೆಜ್ಜೆ ಹಾಕಿದರೆ ಸಾಮ್ ತುಂಗ್ ಉಕ್. 1786ರಲ್ಲಿ ಚಾನ್ ಮನೆತನದ ಹಕ್ಕಾ ಜನ (ತಮ್ಮದೇ ಭಾಷೆಯಿರುವ ಒಂದು ಚೀನೀ ಸಮುದಾಯ) ಕಟ್ಟಿಕೊಂಡ, ಸುತ್ತ ಗೋಡೆಯಿರುವ ಹಳ್ಳಿ. ಹಳ್ಳಿಯೆಂದರೂ ಒಂದೇ ದೊಡ್ಡ ಮನೆಯಂತಿದೆ. ನಟ್ಟನಡುವೆ ಒಂದರ ಹಿಂದೊಂದು ಮೂರು ಪಡಸಾಲೆ, ಕೊನೆಯದು ಹಿರಿಯರ ಪೂಜೆಗೆ. ಅಕ್ಕಪಕ್ಕದಲ್ಲೂ ಹಿಂದೆಯೂ ಸಾಲುಮನೆಗಳು. ಬಿಸಿಲು ಮಳೆ ನೇರ ಒಳಗಿಳಿಯುವ ಅಂಗಳದಲ್ಲಿ ನಿಂತಾಗ ನನಗೆ ನಮ್ಮ ಕಡೆಯ ತೊಟ್ಟಿಮನೆ ನೆನಪಾಯಿತು. ಎಲ್ಲ ಚೊಕ್ಕಟವಾಗಿದೆ. ಸ್ವಲ್ಪ ಅತಿಯಾಗಿಯೇ. ಅಡುಗೆಮನೆಗೆ ಮಸಿಯಿಲ್ಲದಿದ್ದರೆ ನನಗೇಕೋ ಸಮಾಧಾನವಿಲ್ಲ.

ಹಕ್ಕಾ ಜನ ಈ ಕಡೆ ಬಂದದ್ದೇ ತಡವಾಗಿ. 1660ರ ದಶಕದಲ್ಲಿ ಚೀನಾ ಆಳುತ್ತಿದ್ದ ಚಿಂಗ್ ಅರಸರು, ತೈವಾನ್‌ನಲ್ಲಿದ್ದ ವೈರಿಗಳಿಗೆ ನೆರವು ಸಿಗದಿರಲೆಂದು ಕರಾವಳಿಯ ಜನರನ್ನೆಲ್ಲ ಒಳನಾಡಿಗೆ ಎಬ್ಬಿಸಿ ಕಳಿಸಿದರು. 1669ರಲ್ಲಿ ಆಜ್ಞೆ ಸಡಿಲವಾಯಿತು. ಮರಳಿ ಬಂದವರು ಕಡಿಮೆ, ಹಾಗಾಗಿ ಪಾಳುನೆಲಕ್ಕೆ ಹಕ್ಕಾಗಳನ್ನು ಕರೆತಂದರು. ಬಯಲಿನ ಒಳ್ಳೆಯ ಗದ್ದೆಗಳು ಹಳಬರ ಕೈಯಲ್ಲೇ ಉಳಿದು, ಇವರ ಪಾಲಿಗೆ ಬಂದದ್ದು ಹೆಚ್ಚಾಗಿ ಬೆಟ್ಟದ ಬುಡ. ಭತ್ತ ಬೆಳೆದರು, ಇಳಿಜಾರಿನಲ್ಲಿ ಅನಾನಸು ಹಾಕಿದರು. ಊದಿನಕಡ್ಡಿಗೆ ಬೇಕಾದ ಮರದ ಪುಡಿಯನ್ನು ತೊರೆಯ ನೀರಿನ ಬಲದಿಂದಲೇ ಕುಟ್ಟಿಸಿದರು.

1949ರ ಆಸುಪಾಸಿನಲ್ಲಿ, ಚೀನಾ ಕಮ್ಯುನಿಸ್ಟರ ಕೈಗೆ ಹೋದಾಗ, ಶಾಂಘೈನ ಗಿರಣಿ ಮಾಲೀಕರು ಹಾಂಗ್‌ಕಾಂಗ್ ಸೇರಿದರು. ತ್ಸುಯೆನ್ ವಾನ್ ನೂಲಿನ ಊರಾಯಿತು, ಸಮುದ್ರಕ್ಕೆ ಮಣ್ಣು ಸುರಿದು ನೆಲ ಮಾಡಿಕೊಂಡರು. ಆಮೇಲೆ ಮೆಟ್ರೋ ಕಾಮಗಾರಿ. 1980ರಲ್ಲಿ ಚಾನ್ ಕುಟುಂಬಗಳು ಹಳ್ಳಿ ಬಿಟ್ಟವು, 1982ರಲ್ಲಿ ರೈಲು ಓಡಿತು, 1987ರಲ್ಲಿ ಖಾಲಿ ಮನೆಗಳು ವಸ್ತುಸಂಗ್ರಹಾಲಯವಾದವು. ಗುಡ್ಡದ ಮಗ್ಗುಲಲ್ಲಿ ಅದೇ ಹೆಸರಿನ ಪುನರ್ವಸತಿ ಹಳ್ಳಿಯಿದೆ. ನನ್ನ ಮಟ್ಟಿಗೆ ನಿಜವಾದ ಸಾಮ್ ತುಂಗ್ ಉಕ್ ಅದೇ. ಫಲಕ ಯಾವುದೂ ಇಲ್ಲ, ಬಟ್ಟೆ ಒಣಹಾಕಿದ್ದಾರೆ.

"ಇಷ್ಟಕ್ಕೇ ಹೀಗಂತೀಯಲ್ಲ, ಪೂರಾ ಎತ್ತಂಗಡಿಯಾದ ಹಳ್ಳಿಗಳೂ ಇವೆ" ಎಂದು ಗೆಳೆಯ 82ನೇ ನಂಬರಿನ ಮಿನಿಬಸ್ ಹತ್ತಿಸಿದ. ಶಿಂಗ್ ಮುನ್ ಜಲಾಶಯಕ್ಕಾಗಿ 1920ರ ದಶಕದ ಕೊನೆಗೆ ಆ ಕಣಿವೆಯ ಹಕ್ಕಾ ಹಳ್ಳಿಗಳನ್ನು ತೆರವು ಮಾಡಿಸಿದ್ದರು. ಅವರೂ ಅನಾನಸು ಬೆಳೆಯುತ್ತಿದ್ದವರೇ. ಬಸ್ ನಿಲ್ಲುವ ಜಾಗಕ್ಕೆ ಈಗಲೂ ಪೈನಾಪಲ್ ಡ್ಯಾಮ್ ಅಂತಲೇ ಹೆಸರು. ಅನಾನಸು ಒಂದೂ ಕಾಣಲಿಲ್ಲ, ಮಂಗಗಳಿಗೇನೂ ಬರವಿರಲಿಲ್ಲ. ಗೆಳೆಯನ ಕೈಯಲ್ಲಿದ್ದ ಬನ್ನಿನ ಚೀಲ ಕಿತ್ತುಕೊಂಡ ಒಂದು, ಅಲ್ಲೇ ಬೇಲಿಯ ಮೇಲೆ ಕೂತು ತಿಂದು ಮುಗಿಸಿತು.